ಭಾರವಾದ ಯಾತ್ರಾ ಮೋಟಾರು ಸೈಕಲ್ಲಿನ ಅಸ್ಥೈರ್ಯವೂ ಅದರ ನಿದಾನಕ್ರಮವೂ

೧. ಪ್ರಸ್ತಾವ

ದೂರಪ್ರಯಾಣಕ್ಕೆಂದೇ ನಿರ್ಮಿತವಾದ ಭಾರವಾದ ಮೋಟಾರು ಸೈಕಲ್ಲುಗಳು ದ್ವಿಚಕ್ರವಾಹನಗಳಲ್ಲಿ ಒಂದು ಪ್ರತ್ಯೇಕ ಜಾತಿಯೆಂದು ಎಣಿಸಲ್ಪಡುತ್ತವೆ. ಸವಾರನ ಹಿಂದೆ ಇನ್ನೊಬ್ಬರಿಗೆ ವಿಶಾಲವಾದ ಆಸನ, ಇಕ್ಕೆಲಗಳಲ್ಲಿಯೂ ಬೆನ್ನ ಹಿಂದೆಯೂ ಸಾಮಾನಿನ ಪೆಟ್ಟಿಗೆಗಳು, ಎದುರಿಗೆ ಗಾಳಿಯನ್ನು ತಡೆಯುವ ಅಗಲವಾದ ಕವಚ, ಇವು ಆ ಜಾತಿಯ ಲಕ್ಷಣಗಳು. ಅಮೆರಿಕದ ಹಾರ್ಲೆ ಡೇವಿಡ್ಸನ್ ಸಂಸ್ಥೆಯ ಎಲೆಕ್ಟ್ರಾ ಗ್ಲೈಡ್, ಜಪಾನಿನ ಹೋಂಡಾ ಸಂಸ್ಥೆಯ ಗೋಲ್ಡ್ ವಿಂಗ್ ಇವೆರಡೂ ಇದಕ್ಕೆ ಪ್ರಸಿದ್ಧವಾದ ನಿದರ್ಶನಗಳು. ೧೯೭೪ರಲ್ಲಿ ಜರ್ಮನಿಯ ಕೊಲೋನ್ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಗೋಲ್ಡ್ ವಿಂಗಿಗೆ ಕವಚವಾಗಲಿ ಪೆಟ್ಟಿಗೆಗಳಾಗಲಿ ಇರಲಿಲ್ಲ. ೧೯೮೦ರಲ್ಲಿ ತಯಾರಕರೇ ಅವನ್ನು ಜೋಡಿಸಿದ ಮಾದರಿಯನ್ನು ಹೊರತಂದರು. ೨೦೧೮ರ ಮಾದರಿಯಲ್ಲಿ ಪೆಟ್ಟಿಗೆಗಳೆಲ್ಲವನ್ನೂ ಒಳಗೊಂಡ ವಾಹನದ ತೂಕ ಸುಮಾರು ೩೮೦ ಕಿಲೋಗ್ರಾಂ. ಇಬ್ಬರು ಕುಳಿತು ಸಾಮಾನು ತುಂಬಿದರೆ ಒಟ್ಟು ತೂಕ ಅರ್ಧ ಟನ್ನನ್ನು ಮೀರುತ್ತದೆ.

ಇಂತಹ ವಾಹನವು ನೇರವಾದ ದಾರಿಯಲ್ಲಿ ಹೋಗುತ್ತಿರುವಾಗ, ಮೇಲ್ನೋಟಕ್ಕೆ ಯಾವ ಕಾರಣವೂ ಇಲ್ಲದೆ, ಹ್ಯಾಂಡಲು ಎಡಬಲಗಳಿಗೆ ಅದುರತೊಡಗುವುದುಂಟು. ಅಥವಾ ವಾಹನವೇ ಮೀನಿನಂತೆ ಬಳುಕತೊಡಗುವುದುಂಟು. ಕೆಲವು ವೇಳೆ ಅದು ತಾನಾಗಿಯೇ ಅಡಗುತ್ತದೆ. ಕೆಲವು ವೇಳೆ ಕ್ಷಣಕ್ಷಣಕ್ಕೂ ಬೆಳೆದು ಸವಾರನನ್ನೂ ಹಿಂದೆ ಕುಳಿತವರನ್ನೂ ನೆಲಕ್ಕೆ ಕೆಡವುತ್ತದೆ. ಹೀಗಾದ ವಾಹನವನ್ನು ಕಾರ್ಖಾನೆಗೆ ಒಯ್ದರೆ ಒಬ್ಬ ಕುಶಲಕರ್ಮಿ ಟೈರೇ ಕಾರಣವೆನ್ನುತ್ತಾನೆ, ಇನ್ನೊಬ್ಬ ಬೇರಿಂಗೆನ್ನುತ್ತಾನೆ, ಮತ್ತೊಬ್ಬ ವಾಹನದ ಸ್ವಭಾವವೇ ಹಾಗೆಂದು ಕೈಚೆಲ್ಲುತ್ತಾನೆ. ಒಂದೊಂದು ಸಂದರ್ಭದಲ್ಲಿ ಒಂದೊಂದು ಮಾತು ನಿಜವಾಗಿರಬಹುದಾದ್ದರಿಂದಲೇ ಈ ಮತಭೇದ ಬಗೆಹರಿಯದೆ ಉಳಿದಿದೆ. ವಾಸ್ತವವಾಗಿ ಅಸ್ಥೈರ್ಯವೆಂಬುದು ಒಂದು ರೋಗವಲ್ಲ. ಜ್ವರವೆಂಬ ಒಂದೇ ಹೆಸರಿನಲ್ಲಿ ಅನೇಕ ವ್ಯಾಧಿಗಳು ಅಡಗಿರುವಂತೆ ಇದೂ ಅನೇಕ ವಿಕಾರಗಳ ಸಮಾನನಾಮ. ಪ್ರಭೇದವನ್ನು ನಿರ್ಣಯಿಸದೆ ಮಾಡುವ ಚಿಕಿತ್ಸೆ ನಿಷ್ಫಲವಾಗುವುದು ಮಾತ್ರವಲ್ಲದೆ, ಒಂದು ಪ್ರಭೇದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗುವುದೂ ಉಂಟು. ಪ್ರಭೇದನಿರ್ಣಯ, ಕಾರಣಾನ್ವೇಷಣ, ಪರೀಕ್ಷಾಕ್ರಮ ಈ ಮೂರು ಇಲ್ಲಿನ ಪ್ರತಿಪಾದ್ಯ ವಿಷಯಗಳು.

೨. ದ್ವಿಚಕ್ರಯಾನವು ನೆಟ್ಟಗೆ ನಿಲ್ಲುವ ಬಗೆ

ವಿಕಾರವನ್ನು ತಿಳಿಯುವುದಕ್ಕೆ ಮೊದಲು ಪ್ರಕೃತಿಯನ್ನು ತಿಳಿಯಬೇಕು. ಎರಡೇ ಗಾಲಿಗಳ ವಾಹನ ನಿಂತಾಗ ಬೀಳುತ್ತದೆ, ಓಡುವಾಗ ಬೀಳುವುದಿಲ್ಲ. ಇದಕ್ಕೆ ಗಾಲಿಗಳು ಬುಗುರಿಯಂತೆ ಸುತ್ತುವುದೇ ಕಾರಣವೆಂದು ಬಹುಜನರ ನಂಬಿಕೆ. ಆ ಗುಣವು ಸಹಾಯಕವಾದರೂ ಏಕಮಾತ್ರ ಕಾರಣವಲ್ಲ. ಎರಡನೆಯ ಕಾರಣ ಮುಂಗಾಲಿಯ ಜೋಡಣೆಯಲ್ಲಿದೆ. ಹ್ಯಾಂಡಲು ತಿರುಗುವ ಅಕ್ಷವು ಹಿಂದಕ್ಕೆ ವಾಲಿರುತ್ತದೆ. ಆ ಅಕ್ಷವನ್ನು ಮನಸ್ಸಿನಲ್ಲಿಯೇ ಕೆಳಕ್ಕೆ ಬೆಳಸಿದರೆ ಅದು ನೆಲವನ್ನು ಮುಟ್ಟುವ ಸ್ಥಾನವು, ಟೈರು ನೆಲವನ್ನು ಮುಟ್ಟುವ ಸ್ಥಾನಕ್ಕಿಂತ ಮುಂದಿರುತ್ತದೆ. ಈ ಎರಡು ಸ್ಥಾನಗಳ ಅಂತರಕ್ಕೆ ಯಂತ್ರಜ್ಞರು ‘ಟ್ರೈಲ್’ ಎನ್ನುತ್ತಾರೆ. ಕುರ್ಚಿಯ ಕಾಲಿಗೆ ಹಾಕುವ ಉರುಳುಗಾಲಿಯು ಕುರ್ಚಿಯನ್ನು ಎಳೆದ ದಿಕ್ಕಿಗೆ ತಾನಾಗಿಯೇ ತಿರುಗಿ ಹಿಂಬಾಲಿಸುವುದು ಇದೇ ನಿಯಮದಿಂದ. ಭಾರವಾದ ಯಾತ್ರಾವಾಹನಗಳಲ್ಲಿ ಈ ಅಂತರವು ಸಾಮಾನ್ಯವಾಗಿ ೧೦೦ ರಿಂದ ೧೭೦ ಮಿಲಿಮೀಟರಿನವರೆಗೆ ಇರುತ್ತದೆ.

ಈ ವಿಷಯದ ಗಣಿತವು ಸವಾಶತಮಾನದಷ್ಟು ಹಳೆಯದು. ೧೮೯೯ರಲ್ಲಿ ಇಂಗ್ಲೆಂಡಿನ ವಿಪಲ್ ಎಂಬ ಗಣಿತಜ್ಞನು ಬೈಸಿಕಲ್ಲಿನ ಚಲನೆಯ ಸಮೀಕರಣಗಳನ್ನು ರಚಿಸಿ, ಒಂದು ವೇಗಮಿತಿಯೊಳಗೆ ಅದು ಸವಾರನ ಪ್ರಯತ್ನವಿಲ್ಲದೆಯೇ ಸ್ಥಿರವಾಗಿರಬಲ್ಲದೆಂದು ತೋರಿಸಿದನು. ೧೯೭೦ರಲ್ಲಿ ಡೇವಿಡ್ ಜೋನ್ಸ್ ಎಂಬ ರಸಾಯನಶಾಸ್ತ್ರಜ್ಞನು, ವಿರುದ್ಧ ದಿಕ್ಕಿಗೆ ಸುತ್ತುವ ಇನ್ನೊಂದು ಗಾಲಿಯನ್ನು ಜೋಡಿಸಿ ಬುಗುರಿಯ ಗುಣವನ್ನು ಕಳೆದ ಮೇಲೆಯೂ ಬೈಸಿಕಲ್ಲನ್ನು ಸವಾರಿ ಮಾಡಬಹುದೆಂಬುದನ್ನು ಪ್ರಯೋಗದಿಂದ ತಿಳಿಸಿದನು. ೨೦೧೧ರಲ್ಲಿ ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರೂ ಅಮೆರಿಕದ ಅವರ ಸಹಕಾರಿಗಳೂ ಬುಗುರಿಯ ಗುಣವೂ ಟ್ರೈಲೂ ಎರಡೂ ಇಲ್ಲದ ಒಂದು ಯಂತ್ರವು ಸಹ ತಾನಾಗಿ ನೆಟ್ಟಗೆ ಓಡುವುದನ್ನು ಪ್ರಕಟಿಸಿದರು. ಇದರಿಂದ ಫಲಿಸುವುದೇನೆಂದರೆ: ಸ್ಥೈರ್ಯವು ಯಾವ ಒಂದು ಅಂಗದಲ್ಲಿಯೂ ನೆಲೆಸಿಲ್ಲ, ತೂಕ, ತೂಕವಿರುವ ಸ್ಥಾನ, ಅಕ್ಷದ ಓರೆ, ಟೈರು ಇವೆಲ್ಲದರ ಸಾಮರಸ್ಯದಿಂದ ಹುಟ್ಟುತ್ತದೆ. ಆದಕಾರಣ ಅಸ್ಥೈರ್ಯದ ಕಾರಣವನ್ನೂ ಯಾವುದೋ ಒಂದೇ ಅಂಗದಲ್ಲಿ ಇದೆಯೆಂದು ಮೊದಲೇ ನಿಶ್ಚಯಿಸಿಕೊಂಡು ಹುಡುಕಕೂಡದು.

೩. ವಿಕಾರದ ಮೂರು ಪ್ರಭೇದಗಳು

ಮೋಟಾರು ಸೈಕಲ್ಲಿಗೆ ಈ ಗಣಿತವನ್ನು ಟೈರಿನ ಗುಣಗಳೊಡನೆ ಅನ್ವಯಿಸಿದವನು ಇಂಗ್ಲೆಂಡಿನ ರಾಬಿನ್ ಷಾರ್ಪ್. ೧೯೭೧ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ವಾಹನದ ಮೂರು ಸಹಜ ಚಲನೆಗಳು ವಿಂಗಡಿಸಲ್ಪಟ್ಟಿವೆ.

ಮೊದಲನೆಯದು ‘ಕ್ಯಾಪ್‌ಸೈಜ್’, ಎಂದರೆ ವಾಲಿಕೆ. ವಾಹನವು ಅಲುಗಾಡದೆ ನಿಧಾನವಾಗಿ ಒಂದು ಪಕ್ಕಕ್ಕೆ ಒರಗುತ್ತದೆ. ಇದು ಮಂದವಾದುದು, ಸವಾರನು ಅರಿವಿಲ್ಲದೆಯೇ ಇದನ್ನು ತಿದ್ದುತ್ತಿರುತ್ತಾನೆ. ಆದಕಾರಣ ಪ್ರಕೃತ ವಿಚಾರಕ್ಕೆ ಇದರ ಪ್ರಸಕ್ತಿ ಸ್ವಲ್ಪ.

ಎರಡನೆಯದು ‘ವೀವ್’, ಎಂದರೆ ಬಳುಕಾಟ. ಇದರಲ್ಲಿ ಇಡೀ ವಾಹನವು ಭಾಗವಹಿಸುತ್ತದೆ: ಮೈ ಎಡಬಲಕ್ಕೆ ಒರಗುತ್ತದೆ, ಹಿಂಭಾಗವು ತೊನೆಯುತ್ತದೆ, ಹ್ಯಾಂಡಲು ಅದಕ್ಕೆ ತಕ್ಕಂತೆ ನಿಧಾನವಾಗಿ ತಿರುಗುತ್ತದೆ. ಹೆಚ್ಚು ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು ೨ ರಿಂದ ೪ ಸಾರಿ ಆವರ್ತಿಸುತ್ತದೆ. ವೇಗ ಹೆಚ್ಚಿದಂತೆಲ್ಲ ಇದರ ಶಮನಶಕ್ತಿ ಕುಗ್ಗುತ್ತದೆ. ಹೊರೆಯೇರಿದ ವಾಹನವು ಹೆದ್ದಾರಿಯ ದೊಡ್ಡ ತಿರುವುಗಳಲ್ಲಿ ಹೋಗುವಾಗ ಒಂದು ಉಬ್ಬನ್ನು ದಾಟಿದೊಡನೆ ಇದು ಸಾಮಾನ್ಯವಾಗಿ ಎದ್ದು ಕಾಣುತ್ತದೆ.

ಮೂರನೆಯದು ‘ವಾಬಲ್’, ಎಂದರೆ ಹ್ಯಾಂಡಲಿನ ನಡುಕ. ಇದರಲ್ಲಿ ವಾಹನದ ಮೈ ಬಹುಮಟ್ಟಿಗೆ ಸ್ತಬ್ಧವಾಗಿರುತ್ತದೆ. ಫೋರ್ಕು, ಮುಂಗಾಲಿ, ಹ್ಯಾಂಡಲು ಇವು ಮಾತ್ರ ಸೆಕೆಂಡಿಗೆ ಸುಮಾರು ೬ ರಿಂದ ೧೦ ಸಾರಿ ಅದುರುತ್ತವೆ. ಭಾರವಾದ ಯಾತ್ರಾವಾಹನಗಳಲ್ಲಿ ಗಂಟೆಗೆ ಸುಮಾರು ೮೦ ರಿಂದ ೬೦ ಕಿಲೋಮೀಟರಿಗೆ ವೇಗವನ್ನು ಇಳಿಸುವಾಗ, ಅದರಲ್ಲಿಯೂ ಹಿಡಿತ ಸಡಿಲವಾಗಿದ್ದಾಗ, ಇದು ಕಾಣಿಸಿಕೊಳ್ಳುವುದು ಹೆಚ್ಚು. ಷಾರ್ಪನ ಮೊದಲ ಗಣಿತದಲ್ಲಿ ಈ ನಡುಕವು ಅತಿವೇಗದಲ್ಲಿ ಪ್ರಬಲವೆಂದು ಬಂದಿತ್ತು. ಅನಂತರದ ಶೋಧಕರು ಫೋರ್ಕು ಪಕ್ಕಕ್ಕೆ ಬಾಗುವುದನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ, ಸವಾರರ ಅನುಭವಕ್ಕೆ ಅನುಗುಣವಾಗಿ, ಅದು ಮಧ್ಯಮವೇಗದಲ್ಲಿ ಪ್ರಬಲವೆಂಬ ಫಲಿತಾಂಶ ದೊರೆಯಿತು.

ಇವುಗಳ ಜೊತೆಗೆ, ವಾಹನದ ದೋಷವೇ ಅಲ್ಲದ ಒಂದು ಚಲನೆಯನ್ನೂ ಬೇರೆಮಾಡಿ ತಿಳಿಯಬೇಕು. ಮಳೆನೀರು ಹರಿದುಹೋಗಲೆಂದು ದಾರಿಯ ಉದ್ದಕ್ಕೂ ಗೀರುಗಳನ್ನು ಕೊರೆದ ಕಾಂಕ್ರೀಟು ರಸ್ತೆಗಳಲ್ಲಿಯೂ, ಲೋಹದ ಜಾಲರಿಯನ್ನು ಹಾಸಿದ ಸೇತುವೆಗಳಲ್ಲಿಯೂ ಟೈರು ಆ ಗೀರುಗಳನ್ನು ಹಿಡಿದು ಅತ್ತಿತ್ತ ಸರಿಯುತ್ತದೆ. ಅದಕ್ಕೆ ನಿಯತವಾದ ಆವರ್ತವಿಲ್ಲ; ರಸ್ತೆ ಬದಲಾದೊಡನೆ ಮಾಯವಾಗುತ್ತದೆ. ಇದನ್ನು ಬಳುಕಾಟವೆಂದು ಭ್ರಮಿಸಿ ವಾಹನವನ್ನು ಬಿಚ್ಚುವುದು ವ್ಯರ್ಥ.

೪. ನಡುಕವು ಮಧ್ಯಮವೇಗದಲ್ಲಿಯೇ ಏಳುವುದೇಕೆ

ಮೇಲೆ ಹೇಳಿದ ವೇಗವು ಆಕಸ್ಮಿಕವಲ್ಲವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಹದಿನೆಂಟು ಅಂಗುಲದ ಮುಂಗಾಲಿಗೆ ಟೈರು ಸೇರಿ ಸುಮಾರು ೬೪ ಸೆಂಟಿಮೀಟರು ವ್ಯಾಸವಿರುತ್ತದೆ. ಪರಿಧಿಯು ಸುಮಾರು ೨ ಮೀಟರು. ಗಂಟೆಗೆ ೬೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೬.೭ ಮೀಟರು, ಎಂದರೆ ಗಾಲಿಯು ಸೆಕೆಂಡಿಗೆ ಎಂಟು ಸುತ್ತಿಗಿಂತ ಸ್ವಲ್ಪ ಹೆಚ್ಚು ಸುತ್ತುತ್ತದೆ. ೭೦ ಕಿಲೋಮೀಟರಿನಲ್ಲಿ ಇದು ಸುಮಾರು ಒಂಬತ್ತೂ ಮುಕ್ಕಾಲು ಸುತ್ತು. ಮುಂಭಾಗದ ಸಹಜವಾದ ನಡುಕವೂ ಸೆಕೆಂಡಿಗೆ ೬ ರಿಂದ ೧೦ ಸಾರಿ ಎಂಬುದನ್ನು ಇಲ್ಲಿ ನೆನೆಯಬೇಕು. ಗಾಲಿಯ ಒಂದು ಪಕ್ಕದಲ್ಲಿ ತೂಕ ಹೆಚ್ಚಾಗಿದ್ದರೆ, ಅಥವಾ ಟೈರು ಸರಿಯಾದ ವೃತ್ತವಾಗಿಲ್ಲದಿದ್ದರೆ, ಪ್ರತಿಯೊಂದು ಸುತ್ತಿಗೂ ಒಂದು ಸಣ್ಣ ನೂಕು ಉಂಟಾಗುತ್ತದೆ. ತೂಗುಯ್ಯಾಲೆಯನ್ನು ಅದರ ಓಟಕ್ಕೆ ಸರಿಯಾಗಿ ಮೆಲ್ಲಮೆಲ್ಲನೆ ನೂಕಿದರೆ ಸಣ್ಣ ಮಗುವೂ ಅದನ್ನು ಎತ್ತರಕ್ಕೆ ಏರಿಸಬಲ್ಲದು. ಹಾಗೆಯೇ ಗಾಲಿಯ ಸುತ್ತೂ ಫೋರ್ಕಿನ ಸಹಜ ನಡುಕವೂ ಒಂದೇ ಲಯಕ್ಕೆ ಬಂದಾಗ, ಕೆಲವೇ ಗ್ರಾಂಗಳ ಅಸಮತೆಯು ದೊಡ್ಡ ಅದುರುವಿಕೆಯನ್ನು ಎಬ್ಬಿಸುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಅನುರಣನವೆಂದು ಹೆಸರು. ವೇಗವು ಈ ಮಿತಿಯನ್ನು ದಾಟಿದಾಗ ಲಯವು ತಪ್ಪಿ ನಡುಕವು ತಗ್ಗುತ್ತದೆ. ವೇಗವನ್ನು ಇಳಿಸುವಾಗ ವಾಹನವು ಅದೇ ಮಿತಿಯೊಳಗೆ ಮತ್ತೆ ಹಾದುಬರಬೇಕಾಗುತ್ತದೆ. ಅಲ್ಲದೆ ಆಗ ಭಾರವು ಮುಂಗಾಲಿಯ ಮೇಲೆ ಬೀಳುವುದರಿಂದ ಟೈರಿನ ದೋಷವು ಮತ್ತಷ್ಟು ವ್ಯಕ್ತವಾಗುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ ಎಂಟು ಸಾರಿ ಎಂದರೆ ಒಂದು ಆವರ್ತಕ್ಕೆ ಸೆಕೆಂಡಿನ ಎಂಟರಲ್ಲೊಂದು ಭಾಗ. ಮನುಷ್ಯನು ಒಂದು ಸಂಗತಿಯನ್ನು ಗ್ರಹಿಸಿ ಕೈಯನ್ನು ಚಲಿಸುವುದಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗವಾದರೂ ಬೇಕು. ಆದುದರಿಂದ ನಡುಕವನ್ನು ಎದುರುನೂಕಿ ಅಡಗಿಸುತ್ತೇನೆಂದು ಸವಾರನು ಹೊರಟರೆ, ಅವನ ಪ್ರತಿಯೊಂದು ತಿದ್ದುಪಾಟೂ ತಡವಾಗಿ ಬಂದು, ತಗ್ಗಿಸಬೇಕಾದುದನ್ನೇ ಬೆಳಸಬಹುದು.

೫. ನಿದಾನಕ್ಕೆ ಸಾಧನಗಳು

ಆಯುರ್ವೇದದಲ್ಲಿ ವ್ಯಾಧಿಜ್ಞಾನಕ್ಕೆ ಐದು ಸಾಧನಗಳು ಹೇಳಲ್ಪಟ್ಟಿವೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಚರಕಸಂಹಿತೆಯ ನಿದಾನಸ್ಥಾನವು ಇವನ್ನು ಜ್ವರದ ಪ್ರಕರಣದಲ್ಲಿಯೇ ಎತ್ತಿಕೊಂಡು ವಿವರಿಸುತ್ತದೆ. ಯಂತ್ರಕ್ಕೆ ದೇಹಧರ್ಮವಿಲ್ಲವಾದರೂ, ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ಕ್ರಮವು ಎಲ್ಲೆಲ್ಲಿಯೂ ಒಂದೇ ಆದ್ದರಿಂದ ಈ ವಿಭಾಗವು ಇಲ್ಲಿಯೂ ಉಪಯುಕ್ತವಾಗಿದೆ.

ಮೊದಲು ರೂಪವನ್ನು ಕೇಳಿ ತಿಳಿಯಬೇಕು. ಸ್ಪಾನರನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆ ಸವಾರನನ್ನು ಪ್ರಶ್ನಿಸತಕ್ಕದ್ದು. ಅದುರಿದ್ದು ಹ್ಯಾಂಡಲೋ, ಇಡೀ ವಾಹನವೋ? ಎಣಿಸಲಾರದಷ್ಟು ಶೀಘ್ರವೋ, ಎಣಿಸಬಹುದಾದಷ್ಟು ನಿಧಾನವೋ? ಎಷ್ಟು ವೇಗದಲ್ಲಿ? ವೇಗವನ್ನು ಏರಿಸುವಾಗಲೋ, ಇಳಿಸುವಾಗಲೋ, ಸಮವೇಗದಲ್ಲೋ? ನೇರವಾದ ದಾರಿಯಲ್ಲೋ, ತಿರುವಿನಲ್ಲೋ? ಒಬ್ಬನೇ ಇದ್ದಾಗಲೋ, ಇಬ್ಬರಿದ್ದು ಪೆಟ್ಟಿಗೆಗಳು ತುಂಬಿದ್ದಾಗಲೋ? ಈ ಪ್ರಶ್ನೆಗಳ ಉತ್ತರಗಳಿಂದಲೇ ನಡುಕವೋ ಬಳುಕಾಟವೋ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ನಡುಕವಾದರೆ ದೃಷ್ಟಿಯು ಮೊದಲು ಮುಂಗಾಲಿಯ ಕಡೆಗೂ ಹ್ಯಾಂಡಲಿನ ಬೇರಿಂಗುಗಳ ಕಡೆಗೂ ಹೋಗಬೇಕು. ಬಳುಕಾಟವಾದರೆ ಹೊರೆ, ಹಿಂದಿನ ಟೈರು, ಹಿಂದಿನ ಷಾಕ್ ಅಬ್ಸಾರ್ಬರು, ಸ್ವಿಂಗ್ ಆರ್ಮ್ ಇವುಗಳ ಕಡೆಗೆ.

ನಿದಾನವೆಂದರೆ ಹೇತು. ವಿಕಾರವು ಮೊದಲು ಕಂಡ ದಿವಸಕ್ಕೆ ಹಿಂದೆ ಏನು ಬದಲಾಯಿತೆಂಬುದನ್ನು ವಿಚಾರಿಸಬೇಕು. ಹೊಸ ಟೈರು ಹಾಕಿಸಿದ್ದೇ, ಎತ್ತರದ ಗಾಜಿನ ಪರದೆ ಜೋಡಿಸಿದ್ದೇ, ಹಿಂದಿನ ಪೆಟ್ಟಿಗೆಯ ಮೇಲೆ ಸಾಮಾನು ಕಟ್ಟಲು ಕಂಬಿ ಹಾಕಿಸಿದ್ದೇ, ವಾಹನವು ಒಮ್ಮೆ ಬಿದ್ದದ್ದೇ? ಅನೇಕ ವೇಳೆ ವಾಹನವನ್ನು ಬಿಚ್ಚದೆಯೇ ಕಾರಣವು ಈ ವಿಚಾರಣೆಯಲ್ಲಿ ದೊರೆಯುತ್ತದೆ.

ಪೂರ್ವರೂಪವೆಂದರೆ ವ್ಯಾಧಿಯು ಪ್ರಕಟವಾಗುವುದಕ್ಕೆ ಮುಂಚಿನ ಸೂಚನೆ. ಬ್ರೇಕು ಹಾಕಿದಾಗ ಮುಂಭಾಗದಲ್ಲಿ ‘ಟಕ್’ ಎಂಬ ಸದ್ದು, ಮೆಲ್ಲಗೆ ಹೋಗುವಾಗ ಹ್ಯಾಂಡಲು ನಡುವಿನಲ್ಲಿ ಕಚ್ಚಿಕೊಂಡಂತಾಗುವುದು, ಮುಂದಿನ ಟೈರಿನಿಂದ ಬರುವ ಗುಂಯ್ ಎಂಬ ನಾದ, ಇವು ತಿಂಗಳುಗಳ ಮುಂಚೆಯೇ ಕಾಣಿಸುವ ಪೂರ್ವರೂಪಗಳು. ಸಂಪ್ರಾಪ್ತಿ, ಎಂದರೆ ದೋಷವು ವ್ಯಾಧಿಯಾಗಿ ಬೆಳೆಯುವ ಬಗೆ, ಹಿಂದಿನ ಪ್ರಕರಣದಲ್ಲಿ ಹೇಳಲ್ಪಟ್ಟಿತು. ಉಪಶಯದ ವಿಚಾರವು ಮುಂದೆ ಬರುತ್ತದೆ.

೬. ಪರೀಕ್ಷಾಕ್ರಮ

ಪರೀಕ್ಷೆಯು ಸುಲಭವಾದುದರಿಂದ ಕಷ್ಟವಾದುದಕ್ಕೆ, ವೆಚ್ಚವಿಲ್ಲದುದರಿಂದ ವೆಚ್ಚವುಳ್ಳದ್ದಕ್ಕೆ ನಡೆಯಬೇಕು.

ಹೊರೆ. ತಯಾರಕರು ಒಟ್ಟು ಹೊರೆಗೂ, ಒಂದೊಂದು ಪೆಟ್ಟಿಗೆಗೂ ಮಿತಿಯನ್ನು ವಿಧಿಸಿರುತ್ತಾರೆ. ಹಿಂಗಾಲಿಯ ಅಚ್ಚಿಗಿಂತ ಹಿಂದೆ ಇಟ್ಟ ತೂಕವು ತಕ್ಕಡಿಯ ನ್ಯಾಯದಂತೆ ಮುಂಗಾಲಿಯನ್ನು ಮೇಲಕ್ಕೆ ಎತ್ತುತ್ತದೆ. ಗಾಲಿಗಳ ನಡುವಿನ ಅಂತರ ೧.೭ ಮೀಟರಿರುವ ವಾಹನದಲ್ಲಿ, ಅಚ್ಚಿಗಿಂತ ೩೦ ಸೆಂಟಿಮೀಟರು ಹಿಂದಕ್ಕೆ ೨೦ ಕಿಲೋಗ್ರಾಂ ಇಟ್ಟರೆ ಮುಂಗಾಲಿಯ ಮೇಲಿನ ಭಾರವು ಸುಮಾರು ಮೂರೂವರೆ ಕಿಲೋಗ್ರಾಂ ಕಡಮೆಯಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಪಕ್ಕಕ್ಕೆ ತೊನೆಯುವ ಚಲನೆಯಲ್ಲಿ ಒಂದು ತೂಕದ ಜಡತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗುರುತ್ವಕೇಂದ್ರದಿಂದ ದೂರವನ್ನು ಇಮ್ಮಡಿ ಮಾಡಿದರೆ ಪರಿಣಾಮವು ನಾಲ್ವಡಿ. ಆದಕಾರಣ ಭಾರವಾದ ಸಾಮಾನು ಪಕ್ಕದ ಪೆಟ್ಟಿಗೆಗಳ ತಳದಲ್ಲಿಯೂ ಮುಂಭಾಗದಲ್ಲಿಯೂ ಇರಬೇಕು. ಹಿಂದಿನ ಎತ್ತರದ ಪೆಟ್ಟಿಗೆಯಲ್ಲಿ ಹಗುರವಾದ ಬಟ್ಟೆಬರೆ ಮಾತ್ರ ಇರತಕ್ಕದ್ದು. ಬಳುಕಾಟದ ದೂರುಗಳಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಯೆಂದರೆ ಆ ಪೆಟ್ಟಿಗೆಯನ್ನು ಬರಿದುಮಾಡಿ ನೋಡುವುದು.

ಟೈರು. ಗಾಳಿಯ ಒತ್ತಡವನ್ನು ವಾಹನವು ಓಡುವುದಕ್ಕೆ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ೨೦೦೧ರಲ್ಲಿ ಬಂದ ೧೮೦೦ ಘನ ಸೆಂಟಿಮೀಟರಿನ ಗೋಲ್ಡ್ ವಿಂಗಿಗೆ ವಿಧಿಸಿದ್ದ ಒತ್ತಡವು ಚದರಂಗುಲಕ್ಕೆ ಮುಂದೆ ೩೬ ಪೌಂಡು, ಹಿಂದೆ ೪೧ ಪೌಂಡು. ಇತರ ವಾಹನಗಳಿಗೆ ಅವುಗಳ ಪುಸ್ತಕವೇ ಪ್ರಮಾಣ. ಆಮೇಲೆ ಅಂಗೈಯನ್ನು ಮುಂದಿನ ಟೈರಿನ ಮೇಲೆ ಎರಡು ದಿಕ್ಕಿಗೂ ಸವರಿ ನೋಡಬೇಕು. ಒಂದು ದಿಕ್ಕಿಗೆ ನಯವಾಗಿಯೂ ಇನ್ನೊಂದು ದಿಕ್ಕಿಗೆ ಗರಗಸದಂತೆಯೂ ತೋರಿದರೆ, ಅಥವಾ ಅಂಚಿನ ಕಡೆ ಬಟ್ಟಲಿನಂತೆ ಗುಳಿಗಳು ಬಿದ್ದಿದ್ದರೆ, ಅದು ವಿಷಮವಾದ ಸವೆತ. ಹೆದ್ದಾರಿಯಲ್ಲಿಯೇ ಬಹಳ ಓಡಿದ ಹಿಂದಿನ ಟೈರು ನಡುವಿನಲ್ಲಿ ಚಪ್ಪಟೆಯಾಗುತ್ತದೆ. ವಾಹನವು ಒರಗಿದಾಗ ಆ ಚಪ್ಪಟೆಯ ಅಂಚನ್ನು ಹತ್ತಿ ಇಳಿಯುವುದರಿಂದ ತಿರುವಿನಲ್ಲಿ ಅಳುಕಿದಂತಾಗುತ್ತದೆ. ಹಳೆಯ ರಬ್ಬರು ಸವೆಯದಿದ್ದರೂ ಗಡುಸಾಗುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ.

ಗಾಲಿ. ಗಾಲಿಯನ್ನು ನೆಲದಿಂದ ಎತ್ತಿ ಕೈಯಿಂದ ಸುತ್ತಿಸಿ, ಪಕ್ಕಕ್ಕಾಗಲಿ ಮೇಲೆಕೆಳಗಾಗಲಿ ಡೊಂಕು ಇದೆಯೇ ಎಂದು ಒಂದು ಕಡ್ಡಿಯನ್ನು ಹತ್ತಿರ ಹಿಡಿದು ನೋಡಬೇಕು. ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಗಾಲಿಯ ಬೇರಿಂಗು ಹೋಗಿದೆಯೆಂದು ತಿಳಿಯಬೇಕು. ತೂಕದ ಸಮತೆಯನ್ನು ಪ್ರತಿಯೊಂದು ಹೊಸ ಟೈರಿಗೂ ಪರೀಕ್ಷಿಸತಕ್ಕದ್ದು.

ಹ್ಯಾಂಡಲಿನ ಬೇರಿಂಗು. ಇದನ್ನು ನಮ್ಮ ದೇಶದ ಕುಶಲಕರ್ಮಿಗಳು ಕೋನ್ ಸೆಟ್ಟು ಎಂದು ಕರೆಯುತ್ತಾರೆ. ಮುಂಗಾಲಿಯನ್ನು ಎತ್ತಿ, ಫೋರ್ಕಿನ ಕಾಲುಗಳ ಕೆಳತುದಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಎಳೆದರೆ ಸಡಿಲವಿರುವುದು ತಿಳಿಯುತ್ತದೆ. ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ತಿರುಗಿಸುವಾಗ ನಡುವಿನಲ್ಲಿ ತಡೆದು ನಿಂತಂತಾದರೆ, ಬಹುಕಾಲ ನೇರವಾಗಿ ಓಡಿದ್ದರಿಂದ ಬಟ್ಟಲಿನಲ್ಲಿ ಗುಂಡುಗಳ ಗುರುತು ಬಿದ್ದಿದೆಯೆಂದು ಅರ್ಥ. ಇಲ್ಲಿ ಎರಡು ವಿರುದ್ಧದೋಷಗಳನ್ನು ವಿವೇಚಿಸಬೇಕು. ಸಡಿಲವಾದ ಬೇರಿಂಗು ನಡುಕಕ್ಕೆ ಎಡೆಕೊಡುತ್ತದೆ. ಅತಿಯಾಗಿ ಬಿಗಿದ ಬೇರಿಂಗು ವಾಹನವು ತನ್ನನ್ನು ತಾನೇ ತಿದ್ದಿಕೊಳ್ಳುವ ಸೂಕ್ಷ್ಮಚಲನೆಗಳನ್ನು ತಡೆದು, ಮೆಲ್ಲಗೆ ಹೋಗುವಾಗ ದಾರಿಯಲ್ಲಿ ಅತ್ತಿತ್ತ ಅಲೆಯುವಂತೆ ಮಾಡುತ್ತದೆ. ನಡುಕಕ್ಕೆ ಹೆದರಿ ಬಿಗಿದವನು ಅಲೆದಾಟವನ್ನು ತಂದುಕೊಳ್ಳುತ್ತಾನೆ. ೨೦೧೮ರ ಗೋಲ್ಡ್ ವಿಂಗಿನಲ್ಲಿ ಹಿಂದಿನ ಬಗೆಯ ಫೋರ್ಕಿಗೆ ಬದಲಾಗಿ ಜೋಡಿತೋಳುಗಳ ರಚನೆಯಿರುವುದರಿಂದ, ಅಂತಹ ವಾಹನಗಳಲ್ಲಿ ಆ ತೋಳುಗಳ ಕೀಲುಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಹಿಂಭಾಗ. ಹಿಂಗಾಲಿಯನ್ನು ಎತ್ತಿ ಪಕ್ಕಕ್ಕೆ ನೂಕಿದಾಗ ಸ್ವಿಂಗ್ ಆರ್ಮಿನ ಬುಡದಲ್ಲಿ ಅಲುಗಾಟ ಕಂಡರೆ ಅಲ್ಲಿನ ಬುಷ್ ಅಥವಾ ಬೇರಿಂಗು ಸವೆದಿದೆ. ಷಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ ಶಮನಶಕ್ತಿ ಹೋಗಿದ್ದರೆ, ಒತ್ತಿಬಿಟ್ಟ ಹಿಂಭಾಗವು ಒಂದೇ ಸಾರಿಗೆ ನಿಲ್ಲದೆ ಪುಟಿಯುತ್ತದೆ. ಹೊರೆಗೆ ತಕ್ಕಂತೆ ಸ್ಪ್ರಿಂಗನ್ನು ಬಿಗಿಗೊಳಿಸದಿದ್ದರೆ ಹಿಂಭಾಗವು ಕುಸಿದು, ಮುಂಭಾಗವು ಹಗುರವಾಗಿ, ಅಕ್ಷದ ಓರೆಯು ತಯಾರಕರು ನಿಶ್ಚಯಿಸಿದ್ದಕ್ಕಿಂತ ಬೇರೆಯಾಗುತ್ತದೆ.

ಎಂಜಿನ್ನಿನ ರಬ್ಬರುಗಳು. ೧೯೮೦ರಲ್ಲಿ ಹಾರ್ಲೆ ಡೇವಿಡ್ಸನ್ ಸಂಸ್ಥೆಯವರು ಟೂರ್ ಗ್ಲೈಡ್ ಎಂಬ ಮಾದರಿಯಲ್ಲಿ, ಎಂಜಿನ್ನಿನ ಅದುರು ಸವಾರನಿಗೆ ತಗಲದಂತೆ, ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ರಬ್ಬರಿನ ಮೇಲೆ ಕೂರಿಸಿದರು. ಸ್ವಿಂಗ್ ಆರ್ಮ್ ಗೇರುಪೆಟ್ಟಿಗೆಗೆ ಸೇರಿಕೊಂಡಿರುವ ಇಂತಹ ರಚನೆಯಲ್ಲಿ ಹಿಂಗಾಲಿಯ ದಿಕ್ಕನ್ನು ಕಾಯುವ ಹೊಣೆ ಆ ರಬ್ಬರುಗಳಿಗೂ, ಎಂಜಿನ್ನು ಪಕ್ಕಕ್ಕೆ ಸರಿಯದಂತೆ ತಡೆಯುವ ಸಣ್ಣ ಕೊಂಡಿಗಳಿಗೂ ಸೇರಿದ್ದು. ರಬ್ಬರು ಸವೆದರೆ ಅಥವಾ ಕೊಂಡಿಯ ಅಳತೆ ತಪ್ಪಿದರೆ, ತಿರುವಿನಲ್ಲಿ ಹಿಂಗಾಲಿಯೇ ಸ್ವಲ್ಪ ತಿರುಗಿ, ಹಿಂದಿನಿಂದ ಯಾರೋ ವಾಹನವನ್ನು ನಡಸಿದಂತೆ ಭಾಸವಾಗುತ್ತದೆ. ಈ ವಿಧದ ವಾಹನಗಳಲ್ಲಿ ಸ್ವಿಂಗ್ ಆರ್ಮಿನ ಬುಷ್‌ಗಳು ನಿರ್ದುಷ್ಟವಾಗಿದ್ದರೂ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಕೂಡದು.

ಗಾಲಿಗಳ ಸಾಲು ಮತ್ತು ಕವಚ. ಹಿಂಗಾಲಿಯ ಎರಡು ಪಕ್ಕಗಳಿಂದಲೂ ಮುಂದಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಎರಡು ಗಾಲಿಗಳೂ ಒಂದೇ ಸಾಲಿನಲ್ಲಿವೆಯೇ ಎಂಬುದು ಕಾಣುತ್ತದೆ. ಬಿದ್ದು ಎದ್ದ ವಾಹನಕ್ಕೆ ಈ ಪರೀಕ್ಷೆ ಅವಶ್ಯಕ. ಎಲೆಕ್ಟ್ರಾ ಗ್ಲೈಡಿನಂತೆ ಕವಚವು ಫೋರ್ಕಿಗೇ ಸೇರಿದ್ದರೆ ಗಾಳಿಯ ಬಲವು ನೇರವಾಗಿ ಹ್ಯಾಂಡಲಿಗೆ ತಟ್ಟುತ್ತದೆ. ಟೂರ್ ಗ್ಲೈಡಿನಂತೆ ಚೌಕಟ್ಟಿಗೆ ಸೇರಿದ್ದರೆ ಹಾಗಾಗುವುದಿಲ್ಲ. ದೊಡ್ಡ ಲಾರಿಗಳ ಹಿಂದೆ ಮಾತ್ರ ಹ್ಯಾಂಡಲು ಅದುರುವುದಾದರೆ ಅದು ಗಾಳಿಯ ಸುಳಿಗಳ ಕೆಲಸ.

೭. ಉಪಶಯದ ವಿವೇಕ

ಸಂದೇಹವಿರುವಾಗ ಔಷಧವನ್ನೇ ಪರೀಕ್ಷೆಯಾಗಿ ಉಪಯೋಗಿಸುವುದಕ್ಕೆ ಉಪಶಯವೆಂದು ಹೆಸರು. ಯಂತ್ರದ ನಿದಾನದಲ್ಲಿ ಇದಕ್ಕಿಂತ ಹೆಚ್ಚು ಪ್ರಯೋಜನಕಾರಿಯಾದ ಸಾಧನವೂ ಇಲ್ಲ, ಇದಕ್ಕಿಂತ ಹೆಚ್ಚು ದುರುಪಯೋಗವಾಗುವ ಸಾಧನವೂ ಇಲ್ಲ. ಇದರ ನಿಯಮವು ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳೇ: ಒಂದು ಇದ್ದರೆ ಇನ್ನೊಂದು ಇರುವುದು, ಒಂದು ಇಲ್ಲದಿದ್ದರೆ ಇನ್ನೊಂದು ಇಲ್ಲದಿರುವುದು. ಅದಕ್ಕಾಗಿ ಒಂದು ಸಾರಿಗೆ ಒಂದನ್ನೇ ಬದಲಾಯಿಸಬೇಕು. ಟೈರು, ಬೇರಿಂಗು, ಷಾಕ್ ಅಬ್ಸಾರ್ಬರು ಮೂರನ್ನೂ ಒಂದೇ ದಿನ ಬದಲಾಯಿಸಿದವನ ವಾಹನವು ನೆಟ್ಟಗಾಗಬಹುದು. ಆದರೆ ಕಾರಣವು ಅಜ್ಞಾತವಾಗಿಯೇ ಉಳಿಯುತ್ತದೆ, ಮತ್ತೆ ದೋಷವು ತಲೆದೋರಿದಾಗ ಅವನು ಪುನಃ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಎರಡನೆಯದಾಗಿ, ಲಕ್ಷಣವು ಅಡಗಿದ ಮಾತ್ರಕ್ಕೆ ಕಾರಣವು ದೊರೆಯಿತೆಂದು ತಿಳಿಯಕೂಡದು. ಗುಂಡುಗಳ ಬೇರಿಂಗನ್ನು ತೆಗೆದು ಓರೆ ರೋಲರುಗಳ ಬೇರಿಂಗನ್ನು ಹಾಕಿ ಸ್ವಲ್ಪ ಬಿಗಿಮಾಡಿದರೆ, ಅದರ ಘರ್ಷಣೆಯಿಂದಲೇ ನಡುಕವು ತಗ್ಗುತ್ತದೆ. ಇದನ್ನು ಕಂಡು ಹಳೆಯ ಬೇರಿಂಗೇ ದೋಷಯುಕ್ತವಾಗಿತ್ತೆಂದು ಊಹಿಸುವುದು ಹೇತ್ವಾಭಾಸ. ಗುಳಿಬಿದ್ದ ಟೈರು ಅಲ್ಲಿಯೇ ಇರುತ್ತದೆ; ಅದರ ನೂಕನ್ನು ಘರ್ಷಣೆಯು ನುಂಗುತ್ತಿರುತ್ತದೆ.

ಮೂರನೆಯದಾಗಿ, ಹ್ಯಾಂಡಲಿಗೆ ಜೋಡಿಸುವ ಶಮನಯಂತ್ರದ, ಎಂದರೆ ಸ್ಟಿಯರಿಂಗ್ ಡ್ಯಾಂಪರಿನ ವಿಚಾರ. ಅದು ನಡುಕಕ್ಕೆ ನಿಜವಾಗಿಯೂ ಹಿತಕರ. ಆದರೆ ಅದೇ ಸಾಧನವು ಅತಿವೇಗದಲ್ಲಿ ಬಳುಕಾಟದ ಶಮನವನ್ನು ಕುಗ್ಗಿಸುತ್ತದೆಂದು ಷಾರ್ಪನ ೧೯೭೧ರ ಗಣಿತವೇ ತೋರಿಸಿದೆ. ಬಳುಕಾಟವನ್ನು ನಡುಕವೆಂದು ತಿಳಿದು ಡ್ಯಾಂಪರನ್ನು ಬಿಗಿದವನು ಪಥ್ಯವೆಂದು ಅಪಥ್ಯವನ್ನು ಉಣಿಸಿದಂತಾಗುತ್ತದೆ. ಪ್ರಭೇದನಿರ್ಣಯವು ಕೇವಲ ಪಾಂಡಿತ್ಯದ ವಿಷಯವಲ್ಲ, ಪ್ರಾಣರಕ್ಷಣೆಯ ವಿಷಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

೮. ಒಂದು ಪೂರ್ವಪಕ್ಷ

ಇಲ್ಲಿ ಹೀಗೆ ಆಕ್ಷೇಪಿಸಬಹುದು: ನಡುಕವು ಕೈಬಿಟ್ಟಾಗ ಮಾತ್ರ ಏಳುವುದಾದರೆ, ಕೈಬಿಡದಿರುವುದೇ ಸಾಕು, ಎರಡು ಕೈಗಳಿಂದಲೂ ಹಿಡಿದು ನಡಸಬೇಕಾದ ವಾಹನವನ್ನು ಕೈಬಿಟ್ಟು ಪರೀಕ್ಷಿಸಿ ದೋಷವೆಣಿಸುವುದು ನ್ಯಾಯವಲ್ಲ, ಅಲ್ಪವಾದ ನಡುಕವು ಈ ಜಾತಿಯ ವಾಹನಗಳಿಗೆ ಸ್ವಭಾವವೇ ಹೊರತು ವಿಕಾರವಲ್ಲ.

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಕೈಬಿಟ್ಟು ಓಡಿಸುವುದು ಎಂದಿಗೂ ಕೂಡದು. ಪರೀಕ್ಷೆಗಾಗಿ ದಾರಿಯಲ್ಲಿ ಹಾಗೆ ಮಾಡಿ ನೋಡುವುದು ಸಹ ಸಾಹಸವೇ ಸರಿ. ಅಲ್ಪವಾದ ನಡುಕಕ್ಕೆ ರಚನೆಯೇ ಕಾರಣವಾಗಿರುವುದೂ ಉಂಟು. ಆದರೆ ಸವಾರನ ಕೈಗಳೂ ಒಂದು ಶಮನಯಂತ್ರವೆಂಬುದನ್ನು ಆಕ್ಷೇಪಕನು ಮರೆತಿದ್ದಾನೆ. ಕೈಗಳು ಅಡಗಿಸಿದ ದೋಷವು ಇಲ್ಲದ ದೋಷವಲ್ಲ. ನಿನ್ನೆ ಇಲ್ಲದ ನಡುಕವು ಇಂದು ಕಂಡರೆ, ಅಥವಾ ಅಲ್ಪವಾಗಿದ್ದುದು ಟೈರು ಸವೆದಂತೆ ಬೆಳೆದರೆ, ಅದನ್ನು ಸ್ವಭಾವವೆನ್ನಲಾಗದು. ಸ್ವಭಾವವು ಕಾಲಕಾಲಕ್ಕೆ ಬೆಳೆಯುವುದಿಲ್ಲ. ಸಡಿಲವಾದ ಹಿಡಿತದಲ್ಲಿ ತಾನಾಗಿಯೇ ತಿಳಿದುಬಂದ ಮೊದಲ ಅದುರನ್ನು ಪೂರ್ವರೂಪವೆಂದು ಗ್ರಹಿಸಿ ಅಂದೇ ಟೈರನ್ನೂ ಬೇರಿಂಗನ್ನೂ ಪರೀಕ್ಷಿಸುವುದು ವಿವೇಕ. ಆದುದರಿಂದ ‘ಕೈಬಿಡಬೇಡ’ ಎಂಬುದು ಸವಾರನಿಗೆ ಹೇಳತಕ್ಕ ಹಿತವಚನವೇ ಹೊರತು, ಕುಶಲಕರ್ಮಿಯು ಕೊಡತಕ್ಕ ನಿದಾನವಲ್ಲ.

೯. ಆಪತ್ಕಾಲದ ವರ್ತನೆ

ವಿಕಾರವು ದಾರಿಯಲ್ಲಿಯೇ ಪ್ರಬಲಿಸಿದಾಗ ನಿದಾನಕ್ಕೆ ಅವಕಾಶವಿಲ್ಲ. ಆಗ ಹ್ಯಾಂಡಲನ್ನು ಬಿಡದೆ, ತೋಳುಗಳನ್ನು ಸೆಟೆಯದೆ, ದೃಢವಾಗಿ ಹಿಡಿದಿರಬೇಕು. ಅದುರಿಗೆ ಎದುರಾಗಿ ಕಾದಾಡಬಾರದು. ಥ್ರಾಟಲನ್ನು ಒಮ್ಮೆಲೇ ಮುಚ್ಚದೆ ಮೆಲ್ಲಮೆಲ್ಲನೆ ಇಳಿಸಬೇಕು. ಮುಂದಿನ ಬ್ರೇಕನ್ನು ಜೋರಾಗಿ ಹಾಕಬಾರದು. ದೇಹವನ್ನು ಮುಂದಕ್ಕೆ ಬಗ್ಗಿಸಿ ಭಾರವನ್ನು ಮುಂಗಾಲಿಯ ಕಡೆಗೆ ತಂದರೆ ಬಳುಕಾಟದಲ್ಲಿ ವಿಶೇಷವಾಗಿ ಸಹಾಯವಾಗುತ್ತದೆ. ವೇಗವನ್ನು ಏರಿಸಿ ತಪ್ಪಿಸಿಕೊಳ್ಳುವ ಯತ್ನವು ಬಳುಕಾಟದಲ್ಲಿ ಅಪಾಯಕರ. ಏಕೆಂದರೆ ಅದು ವೇಗದೊಡನೆಯೇ ಬೆಳೆಯುವ ವಿಕಾರ. ವಾಹನವು ನಿಂತ ಮೇಲೆ, ಕಾರಣವು ತಿಳಿಯುವವರೆಗೂ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಪ್ರಯಾಣವನ್ನು ಮುಂದುವರಿಸತಕ್ಕದ್ದಲ್ಲ.

೧೦. ಉಪಸಂಹಾರ

ಮೇಲಣ ವಿಚಾರದ ಸಾರಾಂಶವಿಷ್ಟು. ದ್ವಿಚಕ್ರಯಾನದ ಸ್ಥೈರ್ಯವು ಅನೇಕ ಅಂಗಗಳ ಸಾಮರಸ್ಯದ ಫಲವಾದ್ದರಿಂದ, ಅಸ್ಥೈರ್ಯಕ್ಕೆ ಒಂದೇ ಕಾರಣವೆಂಬ ಪೂರ್ವಗ್ರಹವನ್ನು ಬಿಡಬೇಕು. ಶೀಘ್ರವಾದ ನಡುಕ, ನಿಧಾನವಾದ ಬಳುಕಾಟ, ರಸ್ತೆಯ ಗೀರು ಮತ್ತು ಗಾಳಿಯಿಂದಾದ ಅಲೆದಾಟ ಇವುಗಳನ್ನು ಮೊದಲು ಬೇರ್ಪಡಿಸಬೇಕು. ಆಮೇಲೆ ಹೊರೆ, ಗಾಳಿ, ಟೈರು, ಗಾಲಿ, ಬೇರಿಂಗು, ಹಿಂಭಾಗ, ಎಂಜಿನ್ನಿನ ರಬ್ಬರು, ಸಾಲು, ಕವಚ ಈ ಕ್ರಮದಲ್ಲಿ, ಒಂದೊಂದಾಗಿಯೇ ತಿದ್ದುತ್ತ ಹೋಗಬೇಕು. ಈ ಕ್ರಮವನ್ನು ಅನುಸರಿಸಿದವನಿಗೆ ಅನೇಕ ವೇಳೆ ಗಾಳಿಯ ಅಳತೆಗೋಲು, ಅಂಗೈ, ಒಂದು ದಾರ ಇಷ್ಟರಿಂದಲೇ ಕಾರಣವು ಗೋಚರವಾಗುತ್ತದೆ. ಕ್ರಮವನ್ನು ಬಿಟ್ಟವನು ಬೆಲೆಬಾಳುವ ಅಂಗಗಳನ್ನೆಲ್ಲ ಬದಲಾಯಿಸಿದರೂ ಕಾರಣವನ್ನು ಕಾಣದಿರಬಹುದು. ಅರ್ಧ ಟನ್ನಿಗೂ ಮೀರಿದ ಭಾರವು ಎರಡು ಅಂಗೈಗಳಷ್ಟು ಅಗಲದ ರಬ್ಬರಿನ ಮೇಲೆ ಇಬ್ಬರನ್ನು ಹೊತ್ತು ಓಡುತ್ತಿರುವಾಗ, ಲಕ್ಷಣವನ್ನು ಅಡಗಿಸಿ ಸುಮ್ಮನಾಗುವುದು ಚಿಕಿತ್ಸೆಯೆನಿಸದು.